ಕೋಡುಬಳೆಯಷ್ಟು ತೂಕದ ಒಲೆ

ಉತ್ತರಾಖಂಡದ ಬೆಟ್ಟಗಳಲ್ಲಿ ಹತ್ತು ದಿನ ನಡೆಯಬೇಕೆಂದು ನಿಶ್ಚಯಿಸಿದ ಸಂಜೆಯೇ ನಾನು ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯನ್ನು ನನ್ನ ಕೋಣೆಗೆ ಸಾಗಿಸಿದೆ. ಹೆಂಡತಿ ಕೇಕಿಗೆ ಮೈದಾ ತೂಗಲು ತಂದಿದ್ದ ಅದರ ಮೇಲೆ ಟಾರ್ಚು, ಹಲ್ಲುಜ್ಜುವ ಬ್ರಷ್ಷು, ಕಾಲುಚೀಲಗಳು ಸರದಿಯಂತೆ ಕುಳಿತೆದ್ದವು. ಕಾಲುಚೀಲ ಕುಳಿತಿದ್ದನ್ನು ಕಂಡ ಮೇಲೆ ಆಕೆ ಅದನ್ನು ಮರಳಿ ಕೇಳಲಿಲ್ಲವಾದ್ದರಿಂದ, ಮುಂದಿನ ಮೂರು ತಿಂಗಳ ಸಂಶೋಧನೆಗೆ ತಕ್ಕಡಿ ನನ್ನ ಸ್ವಂತದ್ದಾಯಿತು.

ಬೆನ್ನ ಮೇಲೆ ಹೊರಬೇಕಾದ ಒಲೆಗಳಲ್ಲಿ ಮೊದಲು ನನ್ನ ಮನಸ್ಸು ಕದ್ದದ್ದು ಟೈಟೇನಿಯಂನ ಗ್ಯಾಸ್ ಒಲೆ. ತೂಕ 25 ಗ್ರಾಂ. ಕಾಲು ಮಡಚಿ ಮಲಗಿದ ಜೇಡದ ಹಾಗೆ ಅಂಗೈಯಲ್ಲಿ ಅಡಗುತ್ತದೆ. ಈ ಜೇಡಕ್ಕೆ ಗ್ಯಾಸಿನ ಡಬ್ಬಿಯೊಂದು ಬೇಕು, ಆ ಡಬ್ಬಿಯಲ್ಲಿ 230 ಗ್ರಾಂ ಗ್ಯಾಸಿದ್ದರೆ ತಗಡಿನ ತೂಕವೇ 145 ಗ್ರಾಂನಷ್ಟು ಇರುತ್ತದೆ, ಗ್ಯಾಸು ಮುಗಿದ ಮೇಲೂ ತಗಡನ್ನು ಹೊತ್ತುಕೊಂಡೇ ಇಳಿಯಬೇಕು ಎಂಬುದು ಒಲೆ ಮನೆಗೆ ಬಂದ ಮೇಲೆ ತಿಳಿಯಿತು. ಆದರೂ ತಾರಸಿಯ ಮೇಲೆ ಅದನ್ನು ಉದ್ಘಾಟಿಸಿ ಉಪ್ಪಿಟ್ಟಿಗಿಟ್ಟೆ. ಅದರ ಜ್ವಾಲೆ ಅಕ್ಕಸಾಲಿಗರ ಊದುಗೊಳವೆಯಂತೆ ಒಂದೇ ಬಿಂದುವಿಗೆ ಗುರಿಯಿಡುವ ಜಾತಿಯದು. ಪಾತ್ರೆಯೋ ಕಾಗದದಷ್ಟು ತೆಳು. ಐದು ನಿಮಿಷದಲ್ಲಿ ಅಂಚಿನ ರವೆ ಹಸಿಯಾಗಿಯೇ ಉಳಿದು, ನಡುವೆ ಹತ್ತು ರೂಪಾಯಿ ನಾಣ್ಯದಷ್ಟು ದುಂಡಗೆ ಇದ್ದಿಲು ಸಿದ್ಧವಾಯಿತು. ಅಂದಿನಿಂದ ನನ್ನ ಪಾಕಶಾಸ್ತ್ರವನ್ನು ನೀರು ಕುದಿಸುವುದಕ್ಕೆ ಸೀಮಿತಗೊಳಿಸಿದೆ: ಬೆಳಿಗ್ಗೆ ಅರ್ಧ ಲೀಟರ್, ರಾತ್ರಿ ಅರ್ಧ ಲೀಟರ್.

ಇದನ್ನೆಲ್ಲ ನೋಡುತ್ತಿದ್ದ ಅಮ್ಮ, “ಪಂಪ್ ಸ್ಟೌ ತೊಗೊಂಡು ಹೋಗೋ, ನಿಮ್ಮಜ್ಜಿ ಅದರ ಮೇಲೆ ಮದುವೆ ಅಡುಗೇನೇ ಮಾಡಿದ್ದಾರೆ” ಎಂದಳು. ತೆಗೆದುಹಾಕುವ ಮಾತಲ್ಲ. 1892ರಲ್ಲಿ ಸ್ಟಾಕ್‌ಹೋಮಿನಲ್ಲಿ ಹುಟ್ಟಿದ ಪ್ರೈಮಸ್ ಎಂಬ ಆ ಸೀಮೆಎಣ್ಣೆ ಒಲೆಯನ್ನು ಹೊತ್ತೇ ಅಮುಂಡ್ಸನ್ 1911ರಲ್ಲಿ ದಕ್ಷಿಣ ಧ್ರುವ ಮುಟ್ಟಿದ. ಆದರೆ ಅಮುಂಡ್ಸನ್ನನಿಗೆ ನಾಯಿಗಳಿದ್ದವು, ನನಗಿರುವುದು ಎಲ್4 ಎಲ್5 ಎಂಬ ಸೊಂಟದ ಮೂಳೆಗಳ ನಡುವೆ ಆಗಾಗ ಹಿಡಿದುಕೊಳ್ಳುವ ಬೆನ್ನು. ಅಟ್ಟದಿಂದ ಇಳಿಸಿದ ಅಜ್ಜಿಯ ಹಿತ್ತಾಳೆ ಸ್ಟೌವನ್ನು ತಕ್ಕಡಿಯ ಮೇಲಿಟ್ಟಾಗ ತಕ್ಕಡಿ ಅಂಕಿಯ ಬದಲು ಇಂಗ್ಲಿಷಿನಲ್ಲಿ ತಪ್ಪೊಪ್ಪಿಗೆ ತೋರಿಸಿತು.

ಹೀಗಾಗಿ ಸ್ಪಿರಿಟ್ ಒಲೆ. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಗಳೆರಡರ ತಳವನ್ನು ಕತ್ತರಿಸಿ, ಒಂದರೊಳಗೊಂದು ತುರುಕಿ, ಅಂಚಿನ ಸುತ್ತ ಸೂಜಿಯಿಂದ ತೂತು ಕೊರೆದರೆ ಒಲೆ ತಯಾರು. ತೂಕ 15 ಗ್ರಾಂ, ಖರ್ಚು ಎರಡು ಡಬ್ಬಿ ಪಾನೀಯ ಮತ್ತು ಹೆಬ್ಬೆರಳಿಗೊಂದು ಬ್ಯಾಂಡೇಜು. ಇಂಧನಕ್ಕೆಂದು ಬೆಂಗಳೂರಿನ ಎಸ್.ಪಿ. ರಸ್ತೆಯ ಆಸುಪಾಸಿನ ಬಣ್ಣದಂಗಡಿಯೊಂದರಲ್ಲಿ ಸ್ಪಿರಿಟ್ ಕೇಳಿದೆ. ಅಂಗಡಿಯವರು, “ಬೀರುಗೆ ಪಾಲಿಶ್ಶಾ ಸಾರ್, ಬಾಗಿಲಿಗಾ?” ಎಂದರು. “ಕಾಫಿಗೆ” ಎಂದು ನಾನು ಪ್ರಾಮಾಣಿಕವಾಗಿ ಉತ್ತರಿಸಿದ್ದೇ ತಪ್ಪಾಯಿತು. ಅದರಲ್ಲಿ ಮೆಥನಾಲ್ ಬೆರೆತಿರುತ್ತದೆ, ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ, ಮನೆಯಲ್ಲಿ ಹೆಂಡತಿ ಮಕ್ಕಳಿದ್ದಾರೆಯೇ ಎಂದೆಲ್ಲ ವಿಚಾರಿಸಿ ಬರಿಗೈಯಲ್ಲಿ ಕಳಿಸಿದರು. ಆ ಕಳಕಳಿಗೆ ಈಗಲೂ ಋಣಿಯಾಗಿದ್ದೇನೆ.

ಛಲ ಬಿಡದೆ ಮನೆಯಲ್ಲಿ ಉಳಿದಿದ್ದ ಸ್ಯಾನಿಟೈಸರನ್ನೇ ಒಲೆಗೆ ಸುರಿದೆ. ಐಸೊಪ್ರೊಪೈಲ್ ಆಲ್ಕೊಹಾಲಿನ ಜ್ವಾಲೆ ಹಳದಿ, ಅದರ ಕಾಣಿಕೆ ಮಸಿ. ನೀರು ಬೆಚ್ಚಗಾಗುವ ಹೊತ್ತಿಗೆ ಅಮ್ಮನ ಸ್ಟೀಲ್ ಚೊಂಬು ಕಾಡಿಗೆ ಡಬ್ಬಿಯಾಗಿತ್ತು.

ಮುಂದಿನ ಭಾನುವಾರ ಬೇರೊಂದು ಅಂಗಡಿಯಿಂದ, ಈ ಬಾರಿ “ಬೀರುಗೆ” ಎಂದು ಸುಳ್ಳು ಹೇಳಿ, ನಿಜವಾದ ಸ್ಪಿರಿಟ್ ತಂದೆ. ಏಪ್ರಿಲ್ ತಿಂಗಳು, ಮಟಮಟ ಮಧ್ಯಾಹ್ನ. ತಾರಸಿಯ ತುಂಬ ಹಳೆಯ ಪಂಚೆಯ ಮೇಲೆ ಅಮ್ಮನ ಅಕ್ಕಿ ಸಂಡಿಗೆ ಸಾಲಾಗಿ ಒಣಗುತ್ತಿತ್ತು. ಒಲೆಗೆ 20 ಮಿಲಿಲೀಟರ್ ಸುರಿದು ಕಡ್ಡಿ ಗೀರಿದೆ, ಹೊತ್ತಿಕೊಂಡಂತೆ ಕಾಣಲಿಲ್ಲ. ಇನ್ನೊಂದು ಕಡ್ಡಿ, ಮತ್ತೊಂದು ಕಡ್ಡಿ. ಸ್ಪಿರಿಟ್ಟಿನ ಜ್ವಾಲೆ ಬಿಸಿಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲವೆಂದು ನಾನು ಓದಿದ್ದೆ, ಆದರೆ ಓದಿದ್ದು ನೆನಪಾದದ್ದು ಒಲೆಯನ್ನು ಎತ್ತಲು ಚಾಚಿದ ಮುಂಗೈಯ ಕೂದಲು ಚರ್ರೆಂದು ಸುರುಟಿ, ಕಮಟು ವಾಸನೆ ಮೂಗಿಗೆ ಬಡಿದ ಮೇಲೆ. ಬೆಚ್ಚಿ ಕೈ ಕೊಡವಿದ ರಭಸಕ್ಕೆ ಒಲೆ ಮಗುಚಿತು. ಕಾಣದ ಬೆಂಕಿ ತಾರಸಿಯ ಇಳಿಜಾರಿನಲ್ಲಿ ಹರಿದು ಪಂಚೆಯ ಅಂಚಿಗೆ ತಲುಪಿದ್ದು ಅಂಚು ಕಂದಾಗತೊಡಗಿದಾಗಲೇ ಗೊತ್ತಾಗಿದ್ದು. ಸ್ಪಿರಿಟ್ ನೀರಿನೊಡನೆ ಬೆರೆಯುತ್ತದೆ, ಸಾಕಷ್ಟು ನೀರು ಬಿದ್ದರೆ ಆರುತ್ತದೆ. ಕಾಫಿಗೆಂದು ಇಟ್ಟಿದ್ದ ಅರ್ಧ ಲೀಟರನ್ನೂ ಕೈಕಾಲು ತೊಳೆಯುವ ಬಕೆಟ್ಟನ್ನೂ ಒಟ್ಟಿಗೇ ಎರಚಿದೆ. ಬೆಂಕಿ ಆರಿತು. ಮೂರು ದಿನ ಒಣಗಿದ್ದ ಸಂಡಿಗೆ ಮತ್ತೆ ಹಿಟ್ಟಾಗಿ ಮಳೆನೀರಿನ ಕೊಳವೆಯ ಕಡೆಗೆ ನಿಧಾನವಾಗಿ ಹೊರಟಿತು.

ಮತ್ತೆ ಗ್ಯಾಸಿಗೆ ಮರಳಿದೆ. ಬೆಂಗಳೂರಿನಲ್ಲಿ ಸುಲಭವಾಗಿ ಸಿಗುವುದು ಹೊಟೇಲಿನವರು ಬಳಸುವ ಉದ್ದನೆಯ ಬ್ಯೂಟೇನ್ ಡಬ್ಬಿ. ಬ್ಯೂಟೇನ್ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗಿಳಿದರೆ ಅನಿಲವಾಗದೆ ದ್ರವವಾಗಿಯೇ ಕುಳಿತುಬಿಡುತ್ತದೆ; ಐಸೊಬ್ಯೂಟೇನ್ ಮೈನಸ್ 12ರ ಸುಮಾರಿಗೂ ಪ್ರೊಪೇನ್ ಮೈನಸ್ 42ಕ್ಕೂ ಜಗ್ಗುವುದಿಲ್ಲವಾದ್ದರಿಂದ ಬೆಟ್ಟಕ್ಕೆ ಹೋಗುವವರು ಅವುಗಳ ಮಿಶ್ರಣವನ್ನು ಆಯುತ್ತಾರೆ. ದಾಖಲಾದ ಮಟ್ಟಿಗೆ ಬೆಂಗಳೂರಿನ ಅತಿ ಚಳಿಯ ದಿನವೇ 1884ರ ಜನವರಿಯ 7.8 ಡಿಗ್ರಿ, ಇಂಥ ಊರಿನಲ್ಲಿ ಪರೀಕ್ಷೆ ನಡೆಸುವುದೆಲ್ಲಿ? ಡಬ್ಬಿಯನ್ನು ಫ್ರೀಜರಿನಲ್ಲಿ, ತೆಂಗಿನತುರಿಯ ಡಬ್ಬದ ಹಿಂದೆ ಮರೆಮಾಡಿ ಇಟ್ಟೆ. ಹತ್ತೇ ನಿಮಿಷಕ್ಕೆ ಒಳಗಿನಿಂದ ಧ್ವನಿ ಬಂತು: “ರೀ, ಬಟಾಣಿ ಪಕ್ಕ ಬಾಂಬ್ ಇಟ್ಟಿದ್ದೀರಲ್ಲ, ಮನೇಲಿ ಇರೋರು ಮನುಷ್ಯರಲ್ವಾ?” ನಿಜ ಹೇಳಬೇಕೆಂದರೆ, ಆ ಪ್ರಶ್ನೆಯಲ್ಲಿ ನನ್ನ ಪ್ರಯೋಗಕ್ಕಿಂತ ಹೆಚ್ಚಿನ ವಿಜ್ಞಾನವಿತ್ತು.

ಕೊನೆಗೆ ಲೆಕ್ಕ ಹಾಕಿದೆ. ಹತ್ತು ದಿನಕ್ಕೆ ಇಪ್ಪತ್ತು ಬಾರಿ ನೀರು ಕುದಿಸಲು ಸ್ಪಿರಿಟ್ 400 ಮಿಲಿಲೀಟರ್, ಅಂದರೆ ಸುಮಾರು 315 ಗ್ರಾಂ. ಬಾಟಲಿ, ಒಲೆ, ಗಾಳಿ ತಡೆಯುವ ತಗಡು ಸೇರಿ 375. ಗ್ಯಾಸಿನ ಡಬ್ಬಿ ಮತ್ತು ಜೇಡ ಸೇರಿ 400. ಎರಡು ದಿನದ ನಡಿಗೆಯಾಗಿದ್ದರೆ ಸ್ಪಿರಿಟ್ ಲೀಲಾಜಾಲವಾಗಿ ಗೆಲ್ಲುತ್ತಿತ್ತು; ಹತ್ತು ದಿನಕ್ಕೆ, ಮೂರು ತಿಂಗಳು, ಒಂದು ಚೊಂಬು ಮತ್ತು ಒಂದು ಪಂಚೆ ಸಂಡಿಗೆಯ ನಂತರ ಉಳಿದ ವ್ಯತ್ಯಾಸ 25 ಗ್ರಾಂ. ಅಡುಗೆಮನೆಗೆ ಹೋಗಿ ಅಮ್ಮನ ಕೋಡುಬಳೆಯೊಂದನ್ನು ತೂಗಿದೆ: 24.

ಅಷ್ಟರಲ್ಲಿ ಪ್ರಯಾಣದ ಮಾತು ಬಂತು. ವಿಮಾನದಲ್ಲಿ ಗ್ಯಾಸಿನ ಡಬ್ಬಿಯನ್ನು ಕೈಚೀಲದಲ್ಲಾಗಲಿ ಲಗೇಜಿನಲ್ಲಾಗಲಿ ಒಯ್ಯುವಂತಿಲ್ಲ, ಸ್ಪಿರಿಟ್ಟಿಗೂ ಅದೇ ಗತಿ. ರೈಲಿನಲ್ಲಾದರೆ 1989ರ ರೈಲ್ವೆ ಕಾಯ್ದೆಯ 164ನೆಯ ಸೆಕ್ಷನ್ ಮೂರು ವರ್ಷದವರೆಗೆ ಸೆರೆ, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ದಯಪಾಲಿಸುತ್ತದೆ. ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಆಗ ಡೆಹ್ರಾಡೂನಿನ ಅಂಗಡಿಯೊಂದಕ್ಕೆ ಫೋನು ಮಾಡಿ ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಗ್ಯಾಸಿನ ಡಬ್ಬಿ ಇದೆ, ಸ್ಪಿರಿಟ್ ಇಲ್ಲ ಎಂದರು. ಒಲೆಯ ಆಯ್ಕೆ ಅರ್ಧ ನಿಮಿಷದಲ್ಲಿ ಮುಗಿಯಿತು.

ಜೇಡ ಈಗ ನನ್ನ ಚೀಲದಲ್ಲಿದೆ. ಅದರ ಪಕ್ಕದಲ್ಲಿ ಅಮ್ಮ ಕಣ್ತಪ್ಪಿಸಿ ತುರುಕಿದ ಒಂದು ಕೆ.ಜಿ. ಕೋಡುಬಳೆಯೂ ಇದೆ. ಸ್ಪಿರಿಟ್ ಒಲೆಯನ್ನು ಅವಳು ತುಳಸಿಕಟ್ಟೆಗೆ ಒಯ್ದು ಅದರಲ್ಲಿ ಕರ್ಪೂರ ಹಚ್ಚುತ್ತಾಳೆ. ಎಂಥ ಗಾಳಿಗೂ ಆರುವುದಿಲ್ಲವಂತೆ, ಪಕ್ಕದ ಮನೆಯವರಿಗೂ ಒಂದು ಮಾಡಿಕೊಡಬೇಕಂತೆ.