ಗಾದಿ ಹೊತ್ತು ಬಾದಾಮಿಗೆ

ಬಂಡೆ ಹತ್ತುವವರಿಗೆ ಹಗ್ಗ ಇರುತ್ತದೆ, ಹೆಲ್ಮೆಟ್ ಇರುತ್ತದೆ, ಕೆಳಗೆ ಹಗ್ಗ ಹಿಡಿದು ನಿಂತವನೊಬ್ಬ ಇರುತ್ತಾನೆ. ವಿಜಯಪುರದಿಂದ ಹೊರಟು ಆ ಬಂಡೆಯ ಬುಡ ಮುಟ್ಟುವವನಿಗೆ ಏನಿರುತ್ತದೆ ಹೇಳಿ? ಮೊನ್ನೆ ರವಿವಾರದಿಂದ ನನಗೆ ಭುಜದ ನೋವಿದೆ, ಅಷ್ಟೆ.

ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದ. “ಮಾಮಾ, ಬಾದಾಮಿ ಕಲ್ಲು ಹತ್ತಾಕ ಎಲ್ಲೆಲ್ಲಿಂದೋ ಬರ್ತಾರ. ನೀವು ಇಷ್ಟ್ ಹತ್ರ ಇದ್ದು ನೋಡಿಲ್ಲಂದ್ರ ಹ್ಯಾಂಗ?” ಅಂದ. ಹಂಪಿಯ ಗ್ರಾನೈಟ್ ಬೆರಳ ತೊಗಲು ಸುಲಿಯುತ್ತದಂತೆ. ಬಾದಾಮಿಯದು ಕೆಂಪು ಮರಳುಗಲ್ಲು, ಪದರು ಪದರಾಗಿ ಇರುವುದರಿಂದ ಬೆರಳು ಊರಲು ಅಂಚು ಸಿಗುತ್ತದಂತೆ. ಮಳೆ ಬಂದು ಒದ್ದೆಯಾಗಿದ್ದರೆ ಮಾತ್ರ ಆ ಅಂಚೇ ಮುರಿದು ಕೈಗೆ ಬರುತ್ತದಂತೆ. ಇಷ್ಟೆಲ್ಲ ಹೇಳಿದವನು, ತಾನು ತಂದ ಗಾದಿಯ ಬಗ್ಗೆ ಮಾತ್ರ ಬೆಳಿಗ್ಗೆಯವರೆಗೆ ತುಟಿ ಬಿಚ್ಚಿರಲಿಲ್ಲ.

ಹಗ್ಗವಿಲ್ಲದೆ ಸಣ್ಣ ಬಂಡೆ ಹತ್ತುವಾಗ ಬಿದ್ದರೆ ಪೆಟ್ಟಾಗದಿರಲಿ ಎಂದು ಕೆಳಗೆ ಹಾಸುವ ಗಾದಿ ಅದು. ನಡುವೆ ಮಡಚಿ, ಪಟ್ಟಿ ಬಿಗಿದು ಬೆನ್ನಿಗೆ ಹಾಕಿಕೊಳ್ಳಬೇಕು. ಕಾರಿನ ಡಿಕ್ಕಿಯಲ್ಲಿ ಹಿಡಿಸಲಿಲ್ಲ. ಹಿಂದಿನ ಸೀಟು ಪೂರ್ತಿ ಅದಕ್ಕೇ ಹೋಯಿತು. ಕೊಲ್ಹಾರದಲ್ಲಿ ಮೊಸರಿನ ಗಡಿಗೆ ಕೊಂಡರೆ, “ಗಾದಿ ಮ್ಯಾಲ ಇಡಬ್ಯಾಡ್ರಿ ಮಾಮಾ, ವಾಸನಿ ಹಿಡೀತೈತಿ” ಅಂದ. ಹಾಗಾದರೆ ನೀನೇ ಹಿಡಿದುಕೋ ಎಂದು ಅವನ ತೊಡೆಯ ಮೇಲೆ ಕೂರಿಸಿದೆ.

ಕೃಷ್ಣೆಯ ಸೇತುವೆ ದಾಟಿದ ಮೇಲೆ ಶುರುವಾಯಿತು ನೋಡಿ. ಬಂಡೆ ಹತ್ತುವವರ ಸೀಸನ್ ಚಳಿಗಾಲ, ಕಬ್ಬಿನ ಸೀಸನ್ನೂ ಅದೇ. ಗದ್ದನಕೇರಿ ಕ್ರಾಸ್ ಆಚೆ ಒಂದು ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್, ಅವುಗಳ ಎರಡೂ ಮಗ್ಗುಲಿಗೆ ಚಾಚಿದ ಕಬ್ಬು. ಹಿಂದಿನ ದೀಪ ಇಲ್ಲ, ಸ್ಪೀಕರ್ ಮಾತ್ರ ಎರಡು. ನಾನು ಹಾರ್ನ್ ಹೊಡೆದಷ್ಟೂ ಅವನ ಹಾಡಿಗೆ ತಾಳ ಕೂಡಿತು. ಕೇರೂರಿನಲ್ಲಿ ಎಡಕ್ಕೆ ಹೊರಳಿ, ಸದ್ಯ ತಪ್ಪಿತು ಅನ್ನುವುದರೊಳಗೆ ಮುಂದೆ ಇನ್ನೊಂದು.

ಬಾದಾಮಿಯಲ್ಲಿ ಕಾರು ನಿಲ್ಲಿಸಲು ಜಾಗ ಸಿಕ್ಕಿದ್ದು ನಡೆಯಬೇಕಾದ ಕಡೆಯಿಂದ ಬಹಳ ದೂರದಲ್ಲಿ. ಅಳಿಯನ ಹೆಗಲಿಗೆ ಹಗ್ಗ, ಕಬ್ಬಿಣದ ಕೊಂಡಿಗಳ ಚೀಲ. ಉಳಿದದ್ದು ಗಾದಿ, ಉಳಿದವನು ನಾನು.

“ಸಾಹೇಬ್ರ, ಲಾಡ್ಜ್ ಸಿಗಲಿಲ್ಲೇನ್ರಿ?” ಅಂದ ಆಟೋದವನು. ಅವನಿಗೆ ಕೂಲಂಕಷವಾಗಿ ವಿವರಿಸಿದೆ. ರೊಟ್ಟಿ ಮಾರುವ ಅಜ್ಜಿ, “ಯಾರಿಗಿ ಆರಾಮಿಲ್ಲೋ ಯಪ್ಪಾ? ದವಾಖಾನಿ ಆ ಕಡಿ ಐತಿ” ಎಂದು ಮರುಗಿದಳು. ಅವಳಿಗೆ ಅರ್ಧ ವಿವರಿಸಿದೆ. ಒಬ್ಬ ಹುಡುಗ ಪೂರ್ತಿ ಕೇಳಿಸಿಕೊಂಡು, “ಬೀಳ್ತೀವಿ ಅಂತ ಗೊತ್ತಿದ್ದ ಮ್ಯಾಲ ಯಾಕ ಹತ್ತತೀರಿ?” ಅಂದ. ಉತ್ತರ ಹೊಳೆಯಲಿಲ್ಲ. ಓಣಿ ಸಣ್ಣದು. ನಾನು ಹೊರಳಿದಾಗೆಲ್ಲ ಗಾದಿಯೂ ಹೊರಳಿ ಯಾರದೋ ಸೈಕಲ್ಲಿಗೆ ಬಡಿಯುತ್ತಿತ್ತು. ಕಟ್ಟೆಯ ಮೇಲೆ ಕೂತವರೊಬ್ಬರು “ಏನ್ರಿ ಅದು?” ಎಂದು ಬಾಯಿ ತೆರೆಯುವಷ್ಟರಲ್ಲಿ ನನಗೆ ಸಾಕಾಗಿ, “ಮಾರಾಟಕ್ಕೈತ್ರಿ” ಅಂದುಬಿಟ್ಟೆ. ಅವರು ಕಟ್ಟೆ ಇಳಿದು ಹಿಂದೆಯೇ ಬಂದರು! ಬೆನ್ನ ಮೇಲಿನ ಗಾದಿಯನ್ನು ಒತ್ತಿದರು, ಗುದ್ದಿದರು, “ಹತ್ತಿ ಅಲ್ಲಿದು, ಸ್ಪಂಜು. ಐದುನೂರಕ್ಕ ಕೊಡ್ತೀರೇನು?” ಎಂದರು. ಕೆರೆಯ ಮೆಟ್ಟಿಲ ತನಕ ನೂರು ನೂರೇ ಏರಿಸುತ್ತ ಬಂದರು. ಅಳಿಯ ಹತ್ತು ಹೆಜ್ಜೆ ಮುಂದೆ, ನನ್ನ ಪರಿಚಯವೇ ಇಲ್ಲದವನ ಹಾಗೆ.

ಇನ್ನು ದಾರಿ ಕೇಳಿದರೆ ಎಲ್ಲರ ಬೆರಳೂ ಗುಹೆಗಳ ಕಡೆಗೇ. “ಟಿಕೀಟು ಅಲ್ಲೇ ಕೊಡ್ತಾರ್ರಿ.” ಆ ಕಡೆ ಗೋಡೆ ಹತ್ತುವಂತಿಲ್ಲ, ಅದು ಸಂರಕ್ಷಿತ ಸ್ಮಾರಕ ಎಂದರೆ, “ಮತ್ತ ಬಾದಾಮ್ಯಾಗ ಬ್ಯಾರೆ ಏನ್ ಐತ್ರಿ?” ಎನ್ನುತ್ತಾರೆ. ಅವರನ್ನು ಬೈದು ಏನು ಫಲ? ಸಾಲಿ ಟ್ರಿಪ್ಪಿನಲ್ಲಿ ಬಂದಾಗ ಮಾಸ್ತರರು ಮೂರನೆಯ ಗುಹೆಯೆದುರು ನಿಲ್ಲಿಸಿ, “ಚಾಲುಕ್ಯರ ಮಂಗಳೇಶ, ಕ್ರಿ.ಶ. 578, ಬರ್ಕೊಳ್ರಿ” ಅಂದಿದ್ದರು. ಬರೆದುಕೊಂಡೆವು. ಅಗಸ್ತ್ಯ ತೀರ್ಥ ಕೆರೆಯ ಆಚೆ ಎದ್ದು ನಿಂತ ಕೆಂಪು ಗೋಡೆಗೆ ಬೆನ್ನು ಮಾಡಿ ಗ್ರೂಪ್ ಫೋಟೊ ತೆಗೆಸಿಕೊಂಡೆವು. ಆ ಫೋಟೊ ಈಗಲೂ ಮನೆಯಲ್ಲಿದೆ. ಎಷ್ಟೋ ಮುಖಗಳ ಹೆಸರು ನೆನಪಾಗುವುದಿಲ್ಲ. ಹಿಂದಿನ ಬಂಡೆಯನ್ನಂತೂ ನಾವ್ಯಾರೂ ಹೊರಳಿ ನೋಡಿರಲಿಲ್ಲ.

ಕಡೆಗೂ ಜಾಲಿ ಮುಳ್ಳು ಬಿಡಿಸಿಕೊಂಡು ಬಂಡೆಯ ಬುಡ ಮುಟ್ಟಿದಾಗ, ಅಲ್ಲಿದ್ದವರು ಹಗ್ಗ ಸುತ್ತುತ್ತಿದ್ದರು. ಗೋಡೆಗೆ ಬಿಸಿಲು ಬಿತ್ತಂತೆ, ಕಲ್ಲು ಕಾದರೆ ಬೆರಳು ಬೆವರಿ ಜಾರುತ್ತದಂತೆ, ಇನ್ನು ನೆರಳು ಬೀಳುವ ತನಕ ಕಾಯಬೇಕಂತೆ. ನಾನು ಏನೂ ಅನ್ನಲಿಲ್ಲ. ಗಾದಿ ಬಿಚ್ಚಿ ಬಂಡೆಯ ನೆರಳಿಗೆ ಹಾಸಿ ಅಡ್ಡಾದೆ.

ಆಡು ಮೇಯಿಸುವವನೊಬ್ಬ ಬಂದು ಕೋಲೂರಿ ನಿಂತ. “ಎಷ್ಟ್ ಬಿತ್ರಿ ಇದಕ್ಕ?” ಎಂದು ಕೇಳಿದ. ಅಳಿಯ ರೇಟು ಹೇಳಿದ. ಅವನು ಗಾದಿಯನ್ನೊಮ್ಮೆ, ತನ್ನ ಹಿಂಡನ್ನೊಮ್ಮೆ ನೋಡಿ, “ಅಷ್ಟ್ ರೊಕ್ಕದಾಗ ಎರಡು ಆಡು ಬರ್ತಿದ್ವಲ್ರೀ ತಮ್ಮಾರ” ಅಂದ.

ಈ ಲೆಕ್ಕ ನನಗೆ ಕೇರೂರಿನಲ್ಲೇ ಬಂದಿತ್ತು. ಅಕ್ಕನ ಮಗ ನೋಡಿ, ನಾನು ಬಾಯಿ ಬಿಟ್ಟಿರಲಿಲ್ಲ.