ಹಲಗಲಿಯ ಬೀಸುಕಲ್ಲು

ಅಕ್ಕನ ಮಗಳು ಈ ವರ್ಷ ಹತ್ತನೇ ಕ್ಲಾಸು. ಮೊನ್ನೆ ‘ಹಲಗಲಿ ಬೇಡರು’ ಲಾವಣಿ ಓದುತ್ತಿದ್ದವಳು ತಲೆ ಎತ್ತಿ ಕೇಳಿದಳು, "ಮಾಮಾ, ಇದೆಲ್ಲ ನಿಜಾನಾ, ಇಲ್ಲ ಸುಮ್ನೆ ಪದ್ಯಾನಾ?" ಆ ‘ಸುಮ್ನೆ ಪದ್ಯ’ ಅನ್ನೋ ಮಾತು ಅವತ್ತಿನಿಂದ ತಲೆಯಲ್ಲೇ ಕೂತಿದೆ.

ನಡೆದದ್ದು ಇದು. 1857ರಲ್ಲಿ ಅನುಮತಿ ಇಲ್ಲದೆ ಯಾರೂ ಆಯುಧ ಇಟ್ಟುಕೊಳ್ಳಬಾರದು ಅಂತ ಕಂಪನಿ ಸರ್ಕಾರದ ಕಾನೂನು ಬಂತು. ಮುಧೋಳದ ಹತ್ತಿರದ ಹಲಗಲಿಯ ಬೇಡರು ಕೊಡಲ್ಲ ಅಂದರು. ನವೆಂಬರ್ ಕೊನೆಗೆ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಆಮೇಲೆ 19 ಜನರನ್ನು ಗಲ್ಲಿಗೇರಿಸಿದರು. ಇಷ್ಟನ್ನು ಇತಿಹಾಸ ಹೇಳುತ್ತದೆ. ಈ ಲೆಕ್ಕ ಬೇಕೇ ಬೇಕು. ಇಲ್ಲದಿದ್ದರೆ ನಾಳೆ ಯಾರಾದರೂ ಹಾಗೆ ನಡೆದೇ ಇಲ್ಲ ಅಂದುಬಿಡಬಹುದು.

ಲಾವಣಿಯಲ್ಲೂ ಒಂದು ಲೆಕ್ಕ ಇದೆ. ದಂಡಿನವರು ಏನೇನು ದೋಚಿದರು ಅಂತ ಹಾಡಿದವನು ಒಂದೊಂದಾಗಿ ಹೇಳುತ್ತಾನೆ. ಕೊಡಲಿ, ಹಾಲು, ಮೊಸರು, ಬೆಣ್ಣೆ, ಉಪ್ಪು, ಅರಿಶಿನ, ಜೀರಿಗೆ, ಗಂಗಾಳ, ಚರಿಗೆ, ಮಂಗಳಸೂತ್ರ. ಕೊನೆಗೆ ಬೀಸುಕಲ್ಲನ್ನೂ ಬಿಡಲಿಲ್ಲವಂತೆ.

ಬೀಸುಕಲ್ಲು! ಎತ್ತಿ ನೋಡಿದವರಿಗೆ ಗೊತ್ತು ಅದರ ಭಾರ. ಸಿಪಾಯಿ ಅದನ್ನು ಹೊತ್ತುಕೊಂಡು ಹೋದನಾ? ಇತಿಹಾಸ ಓದಿದವರು ಸಾಕ್ಷಿ ಕೇಳುತ್ತಾರೆ, ಕೇಳಲೇಬೇಕು. ನನಗೆ ಮಾತ್ರ ಕಾಣುವುದು ಮಾರನೇ ದಿನದ ಬೆಳಗು. ಕೋಳಿ ಕೂಗುವ ಹೊತ್ತಿಗೆ ಎದ್ದು ಜೋಳ ಬೀಸುತ್ತಿದ್ದ ಹೆಂಗಸು ಸುಟ್ಟ ಮನೆ ಮುಂದೆ ನಿಂತಿದ್ದಾಳೆ. ಕಲ್ಲಿಲ್ಲ, ಹಿಟ್ಟಿಲ್ಲ, ಮಕ್ಕಳಿಗೆ ರೊಟ್ಟಿ ಇಲ್ಲ. ಅವಳ ಪಾಲಿನ 1857 ಅಂದರೆ ಅದು. ಅವಳ ಹೆಸರು ಯಾವ ವರದಿಯಲ್ಲೂ ನಾನು ಓದಿಲ್ಲ.

ಊರು ಸುಟ್ಟು ಬೂದಿಯಾಯಿತು, ಗುರುತೇ ಉಳಿಯಲಿಲ್ಲ ಅಂತಲೂ ಲಾವಣಿ ಹೇಳುತ್ತದೆ. ಹಲಗಲಿ ಈಗಲೂ ಇದೆ, ಬಾಗಲಕೋಟೆ ಜಿಲ್ಲೆಯಲ್ಲಿ. ಹಾಗಾದರೆ ಲಾವಣಿ ಸುಳ್ಳಾ? ಮನೆ ಕಳೆದುಕೊಂಡವರನ್ನು ಅವತ್ತು ಕೇಳಿದ್ದರೆ ಅವರೂ ಇದನ್ನೇ ಹೇಳುತ್ತಿದ್ದರು ಅಲ್ವಾ?

ಇನ್ನೊಂದು ವಿಷಯ. ಈ ಲಾವಣಿಯನ್ನು ಬರೆದಿಟ್ಟುಕೊಂಡವರು ಬ್ರಿಟಿಷ್ ಸರ್ಕಾರದ ಅಧಿಕಾರಿಯೇ ಆಗಿದ್ದ ಜೆ.ಎಫ್. ಫ್ಲೀಟ್. ಶಾಸನಗಳನ್ನು ಓದಿ, ಇಸವಿ ತಾಳೆ ನೋಡುತ್ತಿದ್ದ ಮನುಷ್ಯ. ಅಂಥವರಿಗೂ ಈ ಹಾಡು ‘ಸುಮ್ನೆ ಪದ್ಯ’ ಅನ್ನಿಸಲಿಲ್ಲ.

ಪಾಠ ಮಾಡುವ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಒಂದು ವಿನಂತಿ. ಆ ಸಾಮಾನುಗಳ ಸಾಲು ಬಂದಾಗ ಸಾರಾಂಶ ಹೇಳಿ ಮುಂದೆ ಹೋಗಬೇಡಿ. ನಿಧಾನವಾಗಿ ಓದಿ. ಚರಿಗೆ ಅಂದರೇನು ಅಂತಲೇ ನಮ್ಮ ಹುಡುಗಿಗೆ ಗೊತ್ತಿರಲಿಲ್ಲ. ಅಟ್ಟದ ಮೇಲಿದ್ದ ಅಜ್ಜಿಯ ಹಿತ್ತಾಳೆ ಚರಿಗೆ ಇಳಿಸಿ, ಧೂಳು ಒರೆಸಿ, ಅವಳ ಕೈಗೆ ಕೊಟ್ಟೆ.