ಸತ್ಯಾಂಶ: ಭಾರ ಇಮ್ಮಡಿಯಾದರೆ ಲಾರಿ ಇಮ್ಮಡಿ ಬೇಗ ವೇಗ ಪಡೆಯುವುದೇ?

ಸಂಪಾಜೆ ಘಾಟಿಯಲ್ಲಿ ಕಾಫಿ ಮೂಟೆ ತುಂಬಿದ ಲಾರಿಯ ತೂಕ ಇಮ್ಮಡಿಯಾದರೆ, ನ್ಯೂಟ್ರಲ್‌ನಲ್ಲಿ ಅದು ವೇಗ ಪಡೆಯುವ ದರವೂ ಇಮ್ಮಡಿಯಾಗುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಕೆಳಗೆಳೆಯುವ ಬಲ ಇಮ್ಮಡಿಯಾಗುವುದು ನಿಜವಾದರೂ, ಆ ಬಲ ಚಲಿಸುವಂತೆ ಮಾಡಬೇಕಾದ ದ್ರವ್ಯರಾಶಿಯೂ ಅಷ್ಟೇ ಹೆಚ್ಚುವುದರಿಂದ, ಘರ್ಷಣೆ ಮತ್ತು ಗಾಳಿಯ ತಡೆಯನ್ನು ಬದಿಗಿಟ್ಟರೆ, ವೇಗೋತ್ಕರ್ಷ (ವೇಗ ಪಡೆಯುವ ದರ) ಬದಲಾಗದು. ನ್ಯೂಟನ್ 1687ರಲ್ಲಿ ಪ್ರಕಟಿಸಿದ ಎರಡನೇ ನಿಯಮ ಹೇಳುವುದೂ ಇದನ್ನೇ.

ಪ್ರಯೋಗಾಲಯದ ಮೇಜಿನ ಮೇಲೆ 1 ಕಿಲೋ ತೂಕದ ಪುಟ್ಟ ಬಂಡಿಯನ್ನು 2 ನ್ಯೂಟನ್ ಬಲದಿಂದ ಎಳೆದರೆ, ಪ್ರತಿ ಸೆಕೆಂಡಿಗೂ ಅದರ ವೇಗ ಸೆಕೆಂಡಿಗೆ 2 ಮೀಟರ್‌ನಷ್ಟು ಏರುತ್ತದೆ; ಮೇಲೆ 1 ಕಿಲೋ ಕಾಫಿಪುಡಿಯ ಪೊಟ್ಟಣವಿಟ್ಟು ಅಷ್ಟೇ ಬಲದಿಂದ ಎಳೆದರೆ, ಏರಿಕೆ ಸೆಕೆಂಡಿಗೆ 1 ಮೀಟರ್‌ಗೆ ಇಳಿಯುತ್ತದೆ. ಬಲವನ್ನೂ ಇಮ್ಮಡಿಸಿದರೆ ಏರಿಕೆ ಮತ್ತೆ ಮೊದಲಿನಷ್ಟೇ ಆಗುತ್ತದೆ; ಘಾಟಿಯ ಲಾರಿಯಲ್ಲಿ ಆಗುವುದೂ ಇದೇ.

ಹೆಚ್ಚು ಭಾರದ ಲಾರಿ ಘಾಟಿಯಲ್ಲಿ ಅಪಾಯಕಾರಿ ಎಂಬ ಕಾಳಜಿ ಮಾತ್ರ ಸುಳ್ಳಲ್ಲ. ಇಮ್ಮಡಿ ಭಾರದ ಲಾರಿಯನ್ನು ಅದೇ ದೂರದಲ್ಲಿ ನಿಲ್ಲಿಸಲು ಬ್ರೇಕಿಗೆ ಇಮ್ಮಡಿ ಬಲ ಬೇಕು, ಹುಟ್ಟುವ ಶಾಖವೂ ಇಮ್ಮಡಿ. ಘಾಟಿಯನ್ನು ಕೆಳ ಗೇರ್‌ನಲ್ಲಿ ಇಳಿಯಬೇಕಾದದ್ದು ಅದಕ್ಕಾಗಿಯೇ.